ಉಣ್ಣೆ, ಮೇಕೆ ಮತ್ತು ಮಿದುಳು



ಸ್ಕಾಟ್‌ಲೆಂಡಿನ ಗುಡ್ಡಗಾಡಿನ ಕುರಿಗಾಹಿಗಳಿಗೆ ಬಹುಕಾಲದಿಂದ ಪರಿಚಿತವಾದ ರೋಗವೊಂದಿದೆ. ಅದರ ಹೆಸರು ಲೌಪಿಂಗ್ ಇಲ್. ಅಲ್ಲಿಯ ಆಡುಮಾತಿನಲ್ಲಿ ‘ಲೌಪ್’ ಎಂದರೆ ನೆಗೆತ. ರೋಗ ತಗುಲಿದ ಪ್ರಾಣಿ ನಡುಗುತ್ತ, ತೂರಾಡುತ್ತ, ಕುಪ್ಪಳಿಸಿ ನಡೆಯುವುದರಿಂದ ಈ ಹೆಸರು. ಕುರಿಗಳನ್ನೇ ಹೆಚ್ಚಾಗಿ ಬಾಧಿಸಿದರೂ ಅದು ಮೇಕೆಗಳನ್ನು ಬಿಡದು. ಇದರ ಹತ್ತಿರದ ಸಂಬಂಧಿಯಾದ ವೈರಸ್ಸೊಂದು 2011ರಲ್ಲಿ ಸ್ಪೇನಿನ ಆಸ್ತೂರಿಯಾಸ್ ಬೆಟ್ಟಸೀಮೆಯ ಮೇಕೆಗಳನ್ನು ಬಲಿ ತೆಗೆದುಕೊಂಡಿತು.

ಉಣ್ಣೆ ಕಚ್ಚಿದಾಗ ಅದರ ಜೊಲ್ಲಿನೊಡನೆ ವೈರಸ್ ದೇಹವನ್ನು ಸೇರುತ್ತದೆ. ಮೊದಲು ದುಗ್ಧಗ್ರಂಥಿಗಳಲ್ಲಿ ವೃದ್ಧಿಯಾಗಿ, ಬಳಿಕ ರಕ್ತಕ್ಕಿಳಿಯುತ್ತದೆ, ಜ್ವರ ಕಾಣಿಸಿಕೊಳ್ಳುತ್ತದೆ. ಹಲವು ಪ್ರಾಣಿಗಳು ಈ ಹಂತದಲ್ಲೇ ಚೇತರಿಸಿಕೊಳ್ಳುತ್ತವೆ. ದೇಹದ ಪ್ರತಿರೋಧ ತಡವಾದರೆ ವೈರಸ್ ಮಿದುಳನ್ನೂ ಬೆನ್ನುಹುರಿಯನ್ನೂ ಹೊಗುತ್ತದೆ. ನಡಿಗೆಯ ಸಮತೋಲವನ್ನು ಕಾಯುವ ಕಿರುಮಿದುಳಿನ ದೊಡ್ಡ ನರಕೋಶಗಳು ಸಾಯುತ್ತವೆ. ಸತ್ತ ನರಕೋಶ ಮರಳಿ ಹುಟ್ಟದು. ಆದುದರಿಂದ ಇಲ್ಲಿ ಚಿಕಿತ್ಸೆಗಿಂತ ತಡೆಯೇ ಮುಖ್ಯ.

ಮೇಕೆಯ ವಿಷಯದಲ್ಲಿ ಇನ್ನೊಂದು ಅಪಾಯವಿದೆ. ವೈರಸ್ ಹಾಲಿನಲ್ಲಿಯೂ ಹೊರಬರುತ್ತದೆ. ಮೊಲೆಯುಣ್ಣುವ ಮರಿಗಳಿಗೆ ರೋಗ ದಾಟುತ್ತದೆ. ಇದೇ ಬಳಗದ ಮಿದುಳುಜ್ವರವು 1951ರಲ್ಲಿ ಸ್ಲೊವಾಕಿಯಾದ ರೋಜ್ನಾವಾ ಪಟ್ಟಣದಲ್ಲಿ ಆರುನೂರಕ್ಕೂ ಹೆಚ್ಚು ಜನರಿಗೆ ತಗುಲಿತು. ಡೇರಿಯ ಹಾಲಿಗೆ ಬೆರೆತಿದ್ದ, ಸರಿಯಾಗಿ ಕಾಯಿಸದ ಮೇಕೆಹಾಲೇ ಅದಕ್ಕೆ ಕಾರಣ. ಈ ಸೋಂಕಿರುವ ಮೇಕೆ ಸಾಮಾನ್ಯವಾಗಿ ಆರೋಗ್ಯವಾಗಿಯೇ ಕಾಣುತ್ತದೆ. ಹಾಲು ಕುದಿಸಿದರೆ ವೈರಸ್ ನಾಶವಾಗುತ್ತದೆ.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್ಸೂ ಇದೇ ಬಳಗದ್ದು. ಆದರೆ ಅದರಿಂದ ಸಾಯುವವು ಮಂಗಗಳು, ನರಳುವವರು ಮನುಷ್ಯರು. ಕೆಲವು ರೋಗಿಗಳಲ್ಲಿ ಜ್ವರ ಇಳಿದು ಮತ್ತೆ ಮರಳಿ, ನಡುಕ, ಮನಸ್ಸಿನ ಗೊಂದಲಗಳು ಕಾಣಿಸಿಕೊಳ್ಳುತ್ತವೆ. ದನಕರುಗಳು ಈ ರೋಗದಿಂದ ಬಳಲದಿದ್ದರೂ ಉಣ್ಣೆಗಳಿಗೆ ರಕ್ತವುಣಿಸಿ ಅವುಗಳ ಸಂತತಿಯನ್ನು ಬೆಳೆಸುತ್ತವೆ.

ಆದಕಾರಣ ಮಲೆನಾಡಿನಲ್ಲಿ ಮೇಕೆಯೊಂದು ತೂರಾಡಿದರೆ ಅದನ್ನು ಮಂಗನ ಕಾಯಿಲೆಯೆಂದು ತೀರ್ಮಾನಿಸುವುದು ತಪ್ಪು. ದೃಷ್ಟಿ ತಾಗಿತೆಂದು ಸುಮ್ಮನಿರುವುದು ಇನ್ನೂ ದೊಡ್ಡ ತಪ್ಪು. ಅದು ರೇಬಿಸ್ ಕೂಡ ಆಗಿರಬಹುದು. ಬಾಯಿಗೆ ಕೈ ಹಾಕದೆ ಪಶುವೈದ್ಯರನ್ನು ಕರೆಸಬೇಕು. ಕೊಟ್ಟಿಗೆಯಲ್ಲಿ ಜಾನುವಾರುಗಳ ಕಿವಿ, ಕೆಚ್ಚಲು, ತೊಡೆಸಂದುಗಳನ್ನು ದಿನವೂ ನೋಡಬೇಕು. ಕಿತ್ತ ಉಣ್ಣೆಯನ್ನು ಬರಿಗೈಯಲ್ಲಿ ಹಿಸುಕಬಾರದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಉಣ್ಣೆಯ ಭಯದಿಂದ ಕಾಡಿಗೆ ಬೆಂಕಿಯಿಡುವುದು ಪರಿಹಾರವಲ್ಲ. ಕಾಡನ್ನು ಉಳಿಸಿಕೊಂಡೇ ಕೊಟ್ಟಿಗೆಯನ್ನು ಕಾಯುವ ಜಾಣ್ಮೆ ಹಳ್ಳಿಯ ಕೈಯಲ್ಲಿಯೇ ಇದೆ.