ವಾಕ್ಯದೊಳಗಿನ ಲೆಕ್ಕ

(ಶತಮಾನೋತ್ಸವದ ಅಂಗವಾಗಿ ನಡೆದ ಪೋಷಕರ ಸಭೆಯಲ್ಲಿ ಗಣಿತ ಅಧ್ಯಾಪಕರ ಪರವಾಗಿ ಮಾಡಿದ ಭಾಷಣದ ಪಾಠ)



ನೂರು ವರ್ಷಗಳಲ್ಲಿ ಲೆಕ್ಕದ ಪುಸ್ತಕಗಳು ಬಹಳ ಬದಲಾಗಿವೆ. ಸೇರು, ಮಣಗಳು ಹೋಗಿ ಕಿಲೋ, ಕ್ವಿಂಟಲ್‌ಗಳು ಬಂದಿವೆ. ಆಣೆ ಹೋಗಿ ಪೈಸೆ ಬಂದು, ಅದೂ ಮರೆಯಾಗುತ್ತಿದೆ. ಆದರೆ ಒಂದು ಸಂಗತಿ ಹಾಗೆಯೇ ಉಳಿದಿದೆ. ಮಗ್ಗಿಯನ್ನು ತಡೆಯಿಲ್ಲದೆ ಒಪ್ಪಿಸುವ ಮಗು, ಅದೇ ಗುಣಾಕಾರ ನಾಲ್ಕು ವಾಕ್ಯಗಳಲ್ಲಿ ಅಡಗಿ ಬಂದಾಗ ತಲೆಯೆತ್ತಿ, "ಕೂಡಿಸಬೇಕೋ, ಗುಣಿಸಬೇಕೋ?" ಎಂದು ಕೇಳುತ್ತದೆ. ಅದಕ್ಕೆ ಉತ್ತರ ಆ ವಾಕ್ಯಗಳಲ್ಲಿಯೇ ಇದೆ ಎಂಬುದು ನಾವು ಇಂದು ತಮ್ಮ ಮುಂದಿಡಬಯಸುವ ಮಾತು.

ಕನ್ನಡಕ್ಕೆ ಇದು ಹೊಸ ವಿದ್ಯೆಯಲ್ಲ. 12ನೆಯ ಶತಮಾನದ ಜೈನ ಕವಿ ರಾಜಾದಿತ್ಯನು 'ವ್ಯವಹಾರಗಣಿತ'ವನ್ನು ಕನ್ನಡದಲ್ಲಿಯೇ ರಚಿಸಿದನು. ಅದರಲ್ಲಿ ಸಹಜ ತ್ರೈರಾಶಿ, ವ್ಯಸ್ತ ತ್ರೈರಾಶಿಗಳ ವಿವೇಚನೆಯಿದೆ. ಈ ಎರಡು ಹೆಸರುಗಳ ಭೇದವನ್ನು ನಮ್ಮ ತೋಟದಲ್ಲಿಯೇ ಕಾಣಬಹುದು. 6 ಆಳುಗಳು ಒಂದು ದಿನದಲ್ಲಿ ಕೊಯ್ಯುವ ಕಾಫಿಯ ಇಮ್ಮಡಿಯನ್ನು 12 ಆಳುಗಳು ಕೊಯ್ಯುತ್ತಾರೆ, ಇದು ಸಹಜ. 6 ಆಳುಗಳಿಗೆ 10 ದಿನ ಹಿಡಿಯುವ ಕೊಯ್ಲು 12 ಆಳುಗಳಿಗೆ 5 ದಿನ ಹಿಡಿಯುತ್ತದೆ, ಇದು ವ್ಯಸ್ತ. "ಉತ್ತರ ಹೆಚ್ಚಬೇಕೋ, ಕಡಿಮೆಯಾಗಬೇಕೋ?" ಎಂದು ಮೊದಲೇ ಕೇಳಿಕೊಂಡ ಮಗು 20 ದಿನ ಎಂದು ಬರೆಯುವುದಿಲ್ಲ.

ಎಡವುವ ಮೊದಲ ಜಾಗ ವಿಭಕ್ತಿ ಪ್ರತ್ಯಯ. "ಮೆಣಸಿನ ಬೆಲೆ ಕಿಲೋಗೆ 50 ರೂಪಾಯಿ ಇಳಿಯಿತು" ಎಂಬುದಕ್ಕೂ "550 ರೂಪಾಯಿಗೆ ಇಳಿಯಿತು" ಎಂಬುದಕ್ಕೂ ನಡುವಿನ ವ್ಯತ್ಯಾಸವೆಲ್ಲ ಒಂದು 'ಗೆ'ಯಲ್ಲಿದೆ. ಮೊದಲನೆಯದು ಇಳಿಕೆಯ ಪ್ರಮಾಣ, ಎರಡನೆಯದು ಇಳಿದು ನಿಂತ ಬೆಲೆ. "ತಂಗಿಯ ಬಳಿ 12 ಪುಸ್ತಕಗಳಿವೆ, ಅವು ಅಣ್ಣನ ಪುಸ್ತಕಗಳಿಗಿಂತ 3 ಹೆಚ್ಚು" ಎಂದಾಗ, 'ಹೆಚ್ಚು' ಎಂಬ ಶಬ್ದವನ್ನಷ್ಟೇ ಹಿಡಿದ ಮಗು ಅಣ್ಣನಿಗೆ 15 ಪುಸ್ತಕ ಕೊಡುತ್ತದೆ. 'ಗಿಂತ'ವನ್ನು ಓದಿದ ಮಗುವಿಗೆ ಅಣ್ಣನ ಬಳಿ ಇರುವುದು 9 ಎಂದು ತಿಳಿಯುತ್ತದೆ.

ಹಂಗೇರಿಯಲ್ಲಿ ಜನಿಸಿದ ಗಣಿತಜ್ಞ ಜಾರ್ಜ್ ಪೋಲ್ಯ 1945ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ನಾಲ್ಕು ಹಂತಗಳನ್ನು ಹೇಳಿದರು: ಅರಿತುಕೊಳ್ಳುವುದು, ಉಪಾಯ ಯೋಚಿಸುವುದು, ಉಪಾಯವನ್ನು ನಡೆಸುವುದು, ತಿರುಗಿ ನೋಡುವುದು. ಗಡಿಯಾಚೆ ಭೂಮಿಯನ್ನು ಗುತ್ತಿಗೆಗೆ ಪಡೆದು ಶುಂಠಿ ಬೆಳೆಯುವ ವಯನಾಡಿನ ಮನೆಗಳಿಗೆ ಪರಿಚಿತವಾದ ಒಂದು ಲೆಕ್ಕದಲ್ಲಿ ಇವನ್ನು ನೋಡೋಣ.

"ಒಬ್ಬ ಬೆಳೆಗಾರನು 18 ಕ್ವಿಂಟಲ್ ಶುಂಠಿಯನ್ನು 60 ಕಿಲೋ ಚೀಲಕ್ಕೆ 2,400 ರೂಪಾಯಿಯಂತೆ ಮಾರಿದನು. ಸಾಗಾಟಕ್ಕೆ ಚೀಲವೊಂದಕ್ಕೆ 40 ರೂಪಾಯಿ ತಗಲಿತು. ಕೈಗೆ ಉಳಿದ ಹಣವೆಷ್ಟು?"

ಮೊದಲು ಅರಿವು. ಕೇಳಿರುವುದು ಮಾರಾಟದ ಹಣವನ್ನಲ್ಲ, ಕೈಗೆ ಉಳಿದದ್ದನ್ನು. ತೂಕ ಕ್ವಿಂಟಲ್‌ನಲ್ಲಿದೆ, ಬೆಲೆ ಚೀಲದ ಲೆಕ್ಕದಲ್ಲಿದೆ. ಎರಡನೆಯದು ಉಪಾಯ: ತೂಕವನ್ನು ಚೀಲಕ್ಕೆ ತರಬೇಕು, ಹಣವನ್ನು ಕಾಣಬೇಕು, ಖರ್ಚನ್ನು ಕಳೆಯಬೇಕು. ಮೂರನೆಯದು ನಡೆಸುವುದು: 18 ಕ್ವಿಂಟಲ್ ಎಂದರೆ 1,800 ಕಿಲೋ, 60ರಿಂದ ಭಾಗಿಸಿದರೆ 30 ಚೀಲ, ಮಾರಾಟದ ಹಣ 72,000, ಸಾಗಾಟ 1,200, ಉಳಿದದ್ದು 70,800 ರೂಪಾಯಿ. ನಾಲ್ಕನೆಯದು ತಿರುಗಿ ನೋಡುವುದು: ಖರ್ಚು ಕಳೆದರೆ ಚೀಲಕ್ಕೆ 2,360, ಅದರ 30ರಷ್ಟು ಮತ್ತೆ 70,800. ಅವಸರದಲ್ಲಿ 18ನ್ನು 2,400ರಿಂದ ಗುಣಿಸಿದವನಿಗೆ 43,200 ಬರುತ್ತದೆ. ಅದು ಕಿಲೋಗೆ 24 ರೂಪಾಯಿಯಾಯಿತು. ವ್ಯಾಪಾರಿ ಒಪ್ಪಿದ್ದು ಕಿಲೋಗೆ 40. ಮನೆಯ ಲೆಕ್ಕದಲ್ಲಿ ಇಂತಹ ತಪ್ಪಿಗೆ ಕಳೆಯುವುದು ಅಂಕವಲ್ಲ, ವರ್ಷದ ದುಡಿಮೆ.

ಗುಣಾಕಾರ, ಭಾಗಾಕಾರ ಸರಿಯಾಗಿದ್ದರೂ ಉತ್ತರ ಬದುಕಿಗೆ ಹೊಂದದಿರಬಹುದು. ಮೈಸೂರಿನಿಂದ ಬಂಡೀಪುರದ ಅರಣ್ಯದ ಗೇಟಿಗೆ 75 ಕಿಲೋಮೀಟರ್ ಎಂದಿಟ್ಟುಕೊಳ್ಳೋಣ. ಸಂಜೆ 7.30ಕ್ಕೆ ಹೊರಟು ಗಂಟೆಗೆ 45 ಕಿಲೋಮೀಟರ್ ವೇಗದಲ್ಲಿ ಬರುವ ಕಾರು 9.10ಕ್ಕೆ ಅಲ್ಲಿಗೆ ತಲುಪುತ್ತದೆ. ಆದರೆ ಸುಲ್ತಾನ್ ಬತ್ತೇರಿಗೆ ಬರುವ ಆ 766ನೆಯ ರಾಷ್ಟ್ರೀಯ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರವರೆಗೆ ಸಂಚಾರ ನಿಷೇಧವಿದೆ. ಹತ್ತು ನಿಮಿಷ ತಡವಾದ ಕಾರು ಸುಮಾರು ಒಂಬತ್ತು ಗಂಟೆ ಕಾಯಬೇಕು. ಲೆಕ್ಕ ಮುಗಿದ ಮೇಲೆ "ಇದು ನಡೆಯುವ ಮಾತೇ?" ಎಂದು ಕೇಳುವ ಅಭ್ಯಾಸವೇ ವ್ಯವಹಾರಗಣಿತದ ಫಲ.

ಪೋಷಕರಲ್ಲಿ ಹಲವರು, "ನಮಗೆ ಗಣಿತ ಬಾರದು, ಮಗುವಿಗೆ ಹೇಗೆ ಹೇಳಿಕೊಡುವುದು?" ಎನ್ನುತ್ತಾರೆ. ತಾವು ಹೇಳಿಕೊಡಬೇಕಾಗಿಲ್ಲ, ಕೇಳಿದರೆ ಸಾಕು. ಮಗು ಲೆಕ್ಕವನ್ನು ಗಟ್ಟಿಯಾಗಿ ಓದಲಿ. ಪುಸ್ತಕ ಮುಚ್ಚಿ ಮನೆಯ ಮಾತಿನಲ್ಲಿ ಕಥೆಯಂತೆ ಹೇಳಲಿ. ಏನು ಕೊಟ್ಟಿದ್ದಾರೆ, ಏನು ಕೇಳಿದ್ದಾರೆ ಎಂದು ಬೇರೆ ಬೇರೆಯಾಗಿ ತಿಳಿಸಲಿ. ಉತ್ತರ ಎಷ್ಟರ ಆಸುಪಾಸು ಇರಬಹುದೆಂದು ಊಹಿಸಲಿ. ಆಮೇಲೆ ಲೇಖನಿ ಹಿಡಿಯಲಿ. ಅಂಗಡಿಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡ, ಫೋನಿನಲ್ಲಿ ಇಂಗ್ಲಿಷ್ ಕೇಳುವ ನಮ್ಮ ಮಕ್ಕಳಿಗೆ, ಒಂದೇ ಲೆಕ್ಕವನ್ನು ಎರಡು ಭಾಷೆಗಳಲ್ಲಿ ಹೇಳಬಲ್ಲ ಶಕ್ತಿ ಹೊರೆಯಲ್ಲ. ಅರ್ಥವಾಗಿದೆಯೋ ಇಲ್ಲವೋ ಎಂಬುದಕ್ಕೆ ಅದೇ ಒರೆಗಲ್ಲು.

ಶಾಲೆಯ ಎರಡನೆಯ ಶತಮಾನ ಆರಂಭವಾಗುವ ಈ ಹೊತ್ತಿನಲ್ಲಿ, ದಿನಕ್ಕೊಂದು ಲೆಕ್ಕವನ್ನು ಮನೆಯ ಜಗಲಿಯಲ್ಲಿ ಮಗುವಿನ ಬಾಯಿಂದ ಕೇಳುವುದಾಗಿ ತಾವು ಒಪ್ಪಿದರೆ, ಉಳಿದ ಹೊಣೆ ನಮ್ಮದು.