ಮೇಲುಮೇಲಿನ ತಿಳಿವಳಿಕೆ

(ನಮ್ಮ ವಾಚನಾಲಯದಲ್ಲಿ ಸದಸ್ಯರೊಬ್ಬರು ಮಾಡಿದ ಭಾಷಣ)



ನಾನು ಪಂಡಿತನಲ್ಲ. ಮ್ಯಾಟ್ರಿಕ್ ಮುಗಿಸಿ ಗಿರಣಿಯಲ್ಲಿ ಲೆಕ್ಕ ಬರೆಯುವ ಕಾರಕೂನ. ಮೇಲುಮೇಲಿನ ತಿಳಿವಳಿಕೆಯಿಂದ ಏನು ಕೆಡುಕಾಗುತ್ತದೆಂಬುದನ್ನು ಮಾತ್ರ ನನ್ನ ಕೈಯಾರೆ ಮಾಡಿ ಕಲಿತಿದ್ದೇನೆ.

ಮೂರು ವರ್ಷಗಳ ಹಿಂದೆ ಗದಗಿನ ಕಡೆಯ ನೇಕಾರ ಕಾಕಾ ಒಬ್ಬರ ಮಗ್ಗದಲ್ಲಿ ಮೂರು ವಾರ ಬಟ್ಟೆ ಕಡಿಮೆ ಇಳಿಯಿತು. ನಾನು ಅಂಕಿಗಳನ್ನಷ್ಟೇ ನೋಡಿ ಷರಾದ ಕಲಮಿನಲ್ಲಿ ‘ಆಲಸ್ಯ’ ಎಂದು ಬರೆದೆ. ಅವರನ್ನು ಮಗ್ಗದಿಂದ ಬಿಡಿಸಿ ಬದಲಿ ಕೆಲಸಕ್ಕೆ ಹಾಕಿದರು. ಒಂದು ದಿನ ಅವರು ಬಂದು ಕೇಳಿದರು: “ಸಾಹೇಬ್ರ, ಬಟ್ಟಿ ಎಷ್ಟ್ ಆತು ಅಂತ ನಿಮ್ಮ ಬುಕ್ಕಿನ್ಯಾಗ ಐತಿ. ನೂಲು ಎಷ್ಟ್ ಸಲ ಹರೀತು ಅಂತ ಎಲ್ಲೈತ್ರೀ?”

ಖಾತೆಯೊಳಗೆ ಹೋಗಿ ನೋಡಿದೆ. ನೂಲೇ ಕಚ್ಚಾ. ಎಳೆ ಹರಿದಾಗಲೆಲ್ಲ ಮಗ್ಗ ನಿಲ್ಲಿಸಿ ಗಂಟು ಹಾಕಬೇಕು. ಷರಾ ತಿದ್ದಿದೆ, ಅವರ ಎರಡು ತಿಂಗಳ ಕೂಲಿಯನ್ನು ತಿದ್ದಲಾಗಲಿಲ್ಲ.

ಮುಂದೆ ಇಂಗ್ಲೆಂಡಿನ ‘ಲಡ್ಡೈಟ’ರ ಸಂಗತಿ ಓದಿದೆ. ಹೊಸ ಯಂತ್ರವೆಂದರೆ ಆಗದವನು ಎಂದು ಇಂದು ಆ ಶಬ್ದಕ್ಕೆ ಅರ್ಥ. ಅವರು 1811ರಲ್ಲಿ ನಾಟಿಂಗ್‌ಹ್ಯಾಮ್ ಸೀಮೆಯಲ್ಲಿ ಯಂತ್ರಗಳನ್ನು ಒಡೆದದ್ದು ನಿಜ. ಆದರೆ ಅವರು ಕಾಲುಚೀಲ ಹೆಣೆಯುವ ಯಂತ್ರದ ಮೇಲೆಯೇ ದುಡಿದು ಉಂಡವರು. ಆ ಯಂತ್ರ ಹುಟ್ಟಿ ಆಗಲೇ 200 ವರ್ಷಗಳ ಮೇಲಾಗಿತ್ತು. ಅವರ ತಕರಾರೇ ಬೇರೆ. ಅಗಲವಾದ ಯಂತ್ರದಲ್ಲಿ ಬಟ್ಟೆ ಹೆಣೆದು, ಕತ್ತರಿಸಿ ಹೊಲಿದ ಅಗ್ಗದ ಕಾಲುಚೀಲಗಳು ಬೇಗ ಬಿಚ್ಚಿಹೋಗಿ ಕಸುಬಿಗೇ ಕೆಟ್ಟ ಹೆಸರು ತರುತ್ತಿದ್ದವು. ಕೆಲಸ ಪೂರ್ತಿ ಕಲಿಯದವರನ್ನು ಹಚ್ಚಿ ಕೂಲಿ ಇಳಿಸುತ್ತಿದ್ದರು. 1812ರಲ್ಲಿ ಪಾರ್ಲಿಮೆಂಟು ಯಂತ್ರ ಒಡೆದವರಿಗೆ ಮರಣದಂಡನೆಯ ಕಾಯಿದೆ ಮಾಡಿತು. ಕವಿ ಬೈರನ್ ಪ್ರಭುಗಳ ಸಭೆಯಲ್ಲಿ ಅದನ್ನು ವಿರೋಧಿಸಿ ಮಾತನಾಡಿದನು. ಒಡೆದದ್ದು ಸರಿಯೆಂದು ನಾನು ಹೇಳುತ್ತಿಲ್ಲ. ಆದರೆ ಅಷ್ಟು ಜನರ ಹೊಟ್ಟೆಯ ಸಂಕಟ ಕೊನೆಗೆ ಒಂದು ಬೈಗುಳವಾಗಿ ಉಳಿಯಿತು. ನನ್ನ ‘ಆಲಸ್ಯ’ವೂ ಅಂಥದೇ ಶಬ್ದ.

ಬಂಧುಗಳೆ, ಏನೂ ತಿಳಿಯದವನು ಇನ್ನೊಬ್ಬರನ್ನು ಕೇಳುತ್ತಾನೆ. ಮೇಲುಮೇಲೆ ತಿಳಿದವನಿಗೆ ಕೇಳಬೇಕೆಂದೇ ಅನ್ನಿಸುವುದಿಲ್ಲ, ಅಪಾಯವಿರುವುದು ಅಲ್ಲಿಯೇ. ಅಂಕಿ ಸುಳ್ಳಾಗಿರಲಿಲ್ಲ, ಅದರ ಹಿಂದಿನ ಕಾರಣವನ್ನು ನಾನು ಹುಡುಕಲಿಲ್ಲ.

ನಾವು ಇಲ್ಲಿ ಪತ್ರಿಕೆಯ ತಲೆಬರಹ ಓದಿ ಕೆಳಗಿಟ್ಟು, ಆ ಊರಿನವರು ಹೀಗೆ, ಆ ಜಾತಿಯವರು ಹಾಗೆ ಎಂದು ತೀರ್ಪು ಕೊಡುತ್ತೇವೆ. ಇನ್ನು ಮೇಲೆ ಸುದ್ದಿಯನ್ನು ಕೊನೆಯ ಸಾಲಿನವರೆಗೆ ಓದೋಣ. ಒಬ್ಬರ ಮೇಲೆ ಷರಾ ಬರೆಯುವ ಮೊದಲು ಅವರನ್ನೇ ಒಂದು ಮಾತು ಕೇಳೋಣ. ಆ ಕಾಕಾ ಈಗಲೂ ನನಗೆ ನಮಸ್ಕಾರ ಮಾಡುತ್ತಾರೆ. ನಾನೇ ಮೊದಲು ಕೈಮುಗಿಯಬೇಕೆಂದು ದಿನವೂ ಅಂದುಕೊಳ್ಳುತ್ತೇನೆ.