ದಿನಕ್ಕೊಂದು ಸ್ಟೇಷನ್



ದಸರಾ ರಜೆಯಲ್ಲಿ ಮುಂಬೈಗೆ ಹೋಗಿಬಂದ ಪಕ್ಕದ ಮನೆಯವರು ಮೊನ್ನೆ ಫೋಟೊ ತೋರಿಸಿದರು. ಗೇಟ್‌ವೇ ಆಫ್ ಇಂಡಿಯಾ, ಮರೀನ್ ಡ್ರೈವ್, ಹಾಜಿ ಅಲಿ, ಸಿದ್ಧಿವಿನಾಯಕ, ಜುಹು ಬೀಚು. ಎಲ್ಲವೂ ಒಂದೇ ದಿನ, ಒಂದೇ ಬಸ್ಸಿನಲ್ಲಿ. ನೋಡಬೇಕಾದ್ದನ್ನೇ ನೋಡಿದ್ದಾರೆ, ತಪ್ಪೇನಿಲ್ಲ. ಆದರೆ ಆ ಫೋಟೊ ನೋಡುತ್ತ ನೋಡುತ್ತ ನನಗೆ ನೆನಪಾದದ್ದು ನನ್ನ ಸೋದರಮಾವ.

ನಾನು ಮೊದಲ ಸಲ ಮುಂಬೈ ಕಂಡದ್ದು 1994ರಲ್ಲಿ. ಕೊಂಕಣ ರೈಲು ಆಗ ಇನ್ನೂ ಪೂರ್ತಿಯಾಗಿರಲಿಲ್ಲ. ಉಡುಪಿಯಲ್ಲಿ ಬಸ್ಸು ಹತ್ತಿ, ರಾತ್ರಿಯೆಲ್ಲ ಕೂತು, ಸೊಂಟ ನೋಯಿಸಿಕೊಂಡು ಇಳಿದೆ. ಮಾವ ಮೂವತ್ತು ವರ್ಷದಿಂದ ಅಲ್ಲೇ ಇದ್ದವರು, ಕುರ್ಲಾದ ಒಂದು ಚಾಳಿನಲ್ಲಿ. ನಾಳೆ ಟೂರ್ ಬಸ್ಸಿಗೆ ಹೋಗುತ್ತೇನೆ ಎಂದೆ. ಅವರು ತಲೆ ಅಲ್ಲಾಡಿಸಿದರು. "ಬಸ್ಸಲ್ಲಿ ಕೂತು ನೋಡಿದ್ರೆ ಎಂತ ಕಾಣ್ತದೆ ಮಾರಾಯ? ಸ್ಲೋ ಗಾಡಿ ಹತ್ತು. ದಿನಕ್ಕೆ ಒಂದೇ ಸ್ಟೇಷನ್. ಇಳಿ, ನಡಿ, ಹಸಿವಾದ್ರೆ ಅಲ್ಲೇ ತಿನ್ನು."

ಮೊದಲ ದಿನ ಮಾಟುಂಗಾ. ಕುರ್ಲಾದಿಂದ ಸಯನ್, ಸಯನ್‌ನಿಂದ ಮಾಟುಂಗಾ, ಎರಡೇ ಸ್ಟೇಷನ್ನು. ಆದರೆ ಇಳಿದ ಮೇಲೆ ಬೇರೆಯೇ ಊರು. ಕುರ್ಲಾದ ಗಿಜಿಗಿಜಿ ಇಲ್ಲ. ಅಗಲ ರಸ್ತೆ, ಇಕ್ಕೆಲದಲ್ಲಿ ದೊಡ್ಡ ಮರ, ನಡುವೆ ಉದ್ಯಾನ. ಇದು ಹೀಗೇಕೆ ಎಂದು ಹುಡುಕಿದರೆ ಕಥೆ ಪ್ಲೇಗಿಗೆ ಹೋಗಿ ಮುಟ್ಟುತ್ತದೆ. 1896ರಲ್ಲಿ ಮುಂಬೈಯಲ್ಲಿ ಪ್ಲೇಗು ಬಂತು. ಗಾಳಿ ಬೆಳಕು ಇಲ್ಲದ ಓಣಿಗಳಲ್ಲಿ ಜನ ಸತ್ತರು, ಲಕ್ಷಗಟ್ಟಲೆ ಮಂದಿ ಊರು ಬಿಟ್ಟರು. 1898ರಲ್ಲಿ ಸರಕಾರ ಇಂಪ್ರೂವ್‌ಮೆಂಟ್ ಟ್ರಸ್ಟ್ ಮಾಡಿತು. ಆ ಟ್ರಸ್ಟು ದಾದರ್, ಮಾಟುಂಗಾ, ಸಯನ್ ಕಡೆಯ ಬಯಲಿನಲ್ಲಿ ಅಳತೆ ಹಾಕಿ ಹೊಸ ಬಡಾವಣೆ ಹಾಕಿಸಿತು. ರೈಲ್ವೆ, ಬ್ಯಾಂಕು, ಕಂಪನಿಗಳಲ್ಲಿ ಗುಮಾಸ್ತರಾಗಿ ಬಂದ ದಕ್ಷಿಣದವರಿಗೆ ಅಲ್ಲಿ ಬಾಡಿಗೆಗೆ ಮನೆ ಸಿಕ್ಕಿತು. ಅವರ ಹಿಂದೆಯೇ ದೇವಸ್ಥಾನ ಬಂತು, ಹೂವಿನ ಸಾಲು ಬಂತು, ಊಟದ ಮನೆ ಬಂತು. 1926ರಲ್ಲಿ ಹುಟ್ಟಿದ ಮೈಸೂರು ಅಸೋಸಿಯೇಷನ್ ಇರುವುದೂ ಅಲ್ಲೇ.

ಮಧ್ಯಾಹ್ನ ಮಾವ ಹೇಳಿದಂತೆ ಸ್ಟೇಷನ್ ಪಕ್ಕದಲ್ಲೇ ಮೆಟ್ಟಿಲು ಹತ್ತಿ ಎ. ರಾಮ ನಾಯಕರ ಶ್ರೀ ಕೃಷ್ಣ ಬೋರ್ಡಿಂಗಿಗೆ ಹೋದೆ. 1942ರಲ್ಲಿ ಶುರುವಾದ ಉಡುಪಿ ಊಟದ ಮನೆ. ಊರು ಬಿಟ್ಟು ಬಂದ ಒಂಟಿ ಗಂಡಸರಿಗೆ ಅನ್ನ ಸಿಗಲೆಂದು ಹುಟ್ಟಿದ್ದು ಇಂಥ ಬೋರ್ಡಿಂಗುಗಳು. ಬಾಳೆ ಎಲೆ ಹಾಕಿದರು, ನೀರು ಚಿಮುಕಿಸಿದೆ, ಸಾರು ಬಂತು. ನನ್ನ ಎದುರು ಕೂತವರು ಒಬ್ಬ ಗುಜರಾತಿ ಹಿರಿಯರು. ಅನ್ನದ ನಡುವೆ ಗುಂಡಿ ಮಾಡಿ ಸಾರಿಗೆ ಜಾಗ ಬಿಟ್ಟದ್ದು ಥೇಟ್ ನನ್ನ ಅಜ್ಜನ ಹಾಗೆ. ಯಾರ ಹತ್ತಿರ ಕಲಿತರೋ! ಹೊರಗೆ ಬಂದರೆ ಅಂಗಡಿಯಲ್ಲಿ ಬಾಳೆದಿಂಡು, ಮಂಗಳೂರು ಸೌತೆ, ಕರಿಬೇವಿನ ಕಂತೆ. ಊರು ಬಿಟ್ಟು ಇಷ್ಟು ದೂರ ಬಂದ ಮೇಲೆ ಸೌತೆಕಾಯಿಯನ್ನು ಕಂಡು ಕಣ್ಣು ತುಂಬಿದ್ದು ನಿಜ, ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ.

ಆಮೇಲಿನ ದಿನಗಳಲ್ಲಿ ಹೆಸರುಗಳು ನನ್ನನ್ನು ಹಿಡಿದುಕೊಂಡವು. ಚಿಂಚ್‌ಪೋಕ್ಲಿಯಲ್ಲಿ ಹುಣಸೆಮರ ಇದೆ, ಮರಾಠಿಯಲ್ಲಿ ಚಿಂಚ್ ಅಂದರೆ ಹುಣಸೆ. ವಡಾಲದಲ್ಲಿ ಆಲ, ತಾರದೇವದಲ್ಲಿ ತಾಳೆ, ಕುರ್ಲಾದಲ್ಲಿ ಏಡಿ ಎನ್ನುತ್ತಾರೆ ಅಲ್ಲಿನ ಹಳಬರು. ಏಳು ದ್ವೀಪಗಳ ನಡುವಿನ ಸಮುದ್ರ ತುಂಬಿಸಿ ಕಟ್ಟಿದ ಊರು ಅದು. ಮರ ಹೋಗಿದೆ, ಕೆಸರು ಹೋಗಿದೆ, ಏಡಿ ಹೋಗಿದೆ. ಟಿಕೆಟಿನ ಮೇಲೆ ಮಾತ್ರ ಇನ್ನೂ ಇವೆ. ಪರಳ, ಲಾಲ್‌ಬಾಗ್ ಕಡೆ ಬಟ್ಟೆ ಗಿರಣಿಗಳ ಚಿಮಣಿ ನಿಂತಿದ್ದವು, ಹೊಗೆ ಇರಲಿಲ್ಲ. 1982ರ ಮುಷ್ಕರದ ನಂತರ ಕೆಲಸ ಕಳೆದುಕೊಂಡವರ ಮಕ್ಕಳು ಆ ಗೋಡೆಗೇ ಸ್ಟಂಪ್ ಬರೆದು ಕ್ರಿಕೆಟ್ ಆಡುತ್ತಿದ್ದರು. ಗಾಮ್‌ದೇವಿಯಲ್ಲಿ ನಮ್ಮ ಕೆನರಾ ಕರಾವಳಿಯಿಂದ ಹೋದ ಸಾರಸ್ವತರು 1915ರಲ್ಲೇ ಸಹಕಾರಿ ಸಂಘ ಮಾಡಿ ಕಟ್ಟಿಕೊಂಡ ಮನೆಗಳಿವೆ. ಏಷ್ಯಾದಲ್ಲೇ ಮೊದಲ ಸಹಕಾರಿ ವಸತಿ ಸಂಘ ಎಂದು ಅದಕ್ಕೆ ಹೆಸರು. ಯಾವ ಟೂರ್ ಬಸ್ಸೂ ಅಲ್ಲಿ ನಿಲ್ಲುವುದಿಲ್ಲ. ನಿಲ್ಲಬೇಕು ಎನ್ನುತ್ತೇನೆ ನಾನು.

ಒಂದು ದಿನ ಪೂರ್ತಿ ಉತ್ತರಕ್ಕೆ ಹೋಗಿ ಬೋರಿವಲಿಯಲ್ಲಿ ಇಳಿದೆ. ಕಾಡಿನ ನಡುವೆ ಕಾನ್ಹೇರಿ ಗುಹೆಗಳು, ನೂರಕ್ಕೂ ಹೆಚ್ಚು. ಕಪ್ಪು ಕಲ್ಲಿನಲ್ಲಿ ಕೊರೆದ ಸಣ್ಣ ಕೋಣೆ, ಒಳಗೆ ಮಲಗಲು ಕಲ್ಲಿನದೇ ಜಗಲಿ, ಹೊರಗೆ ಮಳೆನೀರು ಹಿಡಿಯುವ ತೊಟ್ಟಿ. ಎರಡು ಸಾವಿರ ವರ್ಷದ ಹಿಂದಿನ ಬೌದ್ಧ ಭಿಕ್ಷುಗಳ ಬಿಡಾರ. ಕೋಣೆಯ ಅಳತೆ ಮಾವನ ಚಾಳಿನ ಖೋಲಿಯಷ್ಟೇ ಇತ್ತು.

ಕೊನೆಯ ಸಂಜೆ ಮಾವ ತಾವೇ ಜೊತೆಗೆ ಬಂದರು, ಫೋರ್ಟಿಗೆ. ವಿಟಿ ಸ್ಟೇಷನ್ನಿನ ಹೊರಗೆ ನಿಲ್ಲಿಸಿ "ಮೇಲೆ ನೋಡು" ಎಂದರು. ಕಲ್ಲಿನಲ್ಲಿ ನವಿಲು, ಕೋತಿ, ಎಲೆ, ಹೂವು. ಅಲ್ಲಿನ ಕಲಾಶಾಲೆಯ ವಿದ್ಯಾರ್ಥಿಗಳು ಕೆತ್ತಿದ್ದು. ಅದರ ಕೆಳಗೇ ಸಾವಿರಾರು ಜನ ಗಾಡಿ ಹಿಡಿಯಲು ಓಡುತ್ತಿದ್ದರು. ಫೋರ್ಟಿನಲ್ಲಿ ಈಗ ಕೋಟೆ ಇಲ್ಲ, 1860ರ ದಶಕದಲ್ಲೇ ಗೋಡೆ ಕೆಡವಿದರು. ಇಗರ್ಜಿಯ ಕಡೆಗೆ ತೆರೆಯುತ್ತಿದ್ದ ಬಾಗಿಲು ಹೋಗಿ ಅಲ್ಲಿ ಫ್ಲೋರಾ ಫೌಂಟನ್ ಬಂತು. ಚರ್ಚ್‌ಗೇಟ್ ಎಂಬ ಹೆಸರು ಮಾತ್ರ ರೈಲು ಸ್ಟೇಷನ್ನಿಗೆ ಉಳಿಯಿತು.

ಕತ್ತಲಾಗುತ್ತಿದ್ದಂತೆ ಆಫೀಸುಗಳು ಖಾಲಿಯಾದವು. ಮಾವ ಒಂದು ಓಣಿಗೆ ಹೊಕ್ಕು ಹಳೆಯ ಕಟ್ಟಡದ ಎದುರು ನಿಂತರು. ಎರಡನೆಯ ಮಾಳಿಗೆಯಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಕನ್ನಡ ರಾತ್ರಿ ಶಾಲೆ. ಹಗಲು ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಬಂದು ಓದಿ ಎಸ್ಸೆಸ್ಸಿ ಪಾಸಾದ ನಮ್ಮ ಕರಾವಳಿಯ ಹುಡುಗರು ಎಷ್ಟು ಮಂದಿಯೋ! ಮಾವನೂ ಅವರಲ್ಲಿ ಒಬ್ಬರು. ಇಂಥ ಶಾಲೆಗಳಲ್ಲಿ ಕೆಲವು ಈಗ ಮುಚ್ಚಿವೆ. ಅಂದು ಮಾತ್ರ ಮೇಲಿನಿಂದ ಮಗ್ಗಿ ಒಪ್ಪಿಸುವ ದನಿ ಕೇಳುತ್ತಿತ್ತು.

"ಎಡಗಡೆಯಿಂದ ಮೂರನೇ ಕಿಟಕಿ" ಎಂದರು ಮಾವ. "ನನ್ನ ಬೆಂಚು ಅಲ್ಲಿತ್ತು." ಮೇಲೆ ಹೋಗುವಾ ಎಂದೆ. ಬೇಡ ಎಂದರು. ಅಷ್ಟರಲ್ಲಿ ಒಬ್ಬ ಹುಡುಗ ಓಡಿಬಂದ. ಅಂಗಿಯ ತೋಳು ಒದ್ದೆ, ಕೈಯಲ್ಲಿ ಈರುಳ್ಳಿಯ ವಾಸನೆ, ಕಂಕುಳಲ್ಲಿ ಎರಡು ಪುಸ್ತಕ. ಮಾವ ಮೆಟ್ಟಿಲಿನಿಂದ ಸರಿದು ಅವನಿಗೆ ದಾರಿ ಬಿಟ್ಟರು.